ಆರಡಿ ಟ್ಯಾಂಕು, ಹತ್ತು ಸಾವಿರ ರೂಪಾಯಿ, ಸುರಂಗದ ನೀರು: ಯಾವ ಫಿಲ್ಟರ್ ಹಾಕಬೇಕು?

ಪ್ರಶ್ನೆ: ನಮ್ಮ ಮನೆ ಪೆರ್ಲದಿಂದ ಒಳಗೆ, ಗುಡ್ಡದ ಬದಿಯಲ್ಲಿ. ಮಂಗಳೂರಿನ ಪರಿಚಯದವರು ಮನೆ ಬದಲಾಯಿಸುವಾಗ ಒಂದು ಟ್ಯಾಂಕು ಕೊಟ್ಟರು. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ, 12 ಮಿ.ಮೀ. ಗಾಜು. ಗಾಜಿನಲ್ಲಿ ತೂತಿಲ್ಲ, ಫಿಲ್ಟರೂ ಬಂದಿಲ್ಲ. ಎರಡು ಆಸ್ಕರ್, ಆರು ಸಿಲ್ವರ್ ಡಾಲರ್ ಮೀನು ಸಾಕಬೇಕೆಂದಿದೆ. ಫಿಲ್ಟರಿಗೆಂದು ಹತ್ತು ಸಾವಿರ ತೆಗೆದಿರಿಸಿದ್ದೇನೆ. ಒಬ್ಬ ಅಂಗಡಿಯವರು 6000 ಎಲ್‌ಪಿಎಚ್ (ಗಂಟೆಗೆ 6000 ಲೀಟರ್) ಬೇಕೇ ಬೇಕು, ಎರಡು ಕ್ಯಾನಿಸ್ಟರ್ (ಟ್ಯಾಂಕಿನ ಹೊರಗಿಡುವ ಮುಚ್ಚಿದ ಡಬ್ಬಿ ಫಿಲ್ಟರ್) ಹಾಕಿ ಅಂದರು. ನನ್ನ ಬಜೆಟ್ಟಿಗೆ ಅದು ದೂರದ ಮಾತು. ಇನ್ನೊಬ್ಬರು ನಾಲ್ಕು ಇಂಟರ್ನಲ್ ಫಿಲ್ಟರ್ ಸಾಕು, ಒಂದು ಸಕ್ಕರ್ ಮೀನು ಬಿಟ್ಟರೆ ಕಸವೆಲ್ಲ ಅದೇ ತಿನ್ನುತ್ತದೆ ಅಂದರು. ಸಂಪ್, ಅಂದರೆ ಕೆಳಗೆ ಎರಡನೇ ಟ್ಯಾಂಕಿನಲ್ಲಿ ಫಿಲ್ಟರ್, ಮಾಡಿಸಿ ಎನ್ನುವವರೂ ಇದ್ದಾರೆ. ನೀರು ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ್ದು, ಪೈಪಿನಲ್ಲಿ ತಾನಾಗಿ ಇಳಿದು ಬರುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಬರುವುದು ಯಾವಾಗಲೋ. ಹಿಂದೆ ಸಣ್ಣ ಟ್ಯಾಂಕಿದ್ದಾಗ ಒಂದು ರಾತ್ರಿಯಿಡೀ ಕರೆಂಟಿರಲಿಲ್ಲ, ಮೀನುಗಳಿಗೆ ಏನೂ ಆಗಿರಲಿಲ್ಲ. ಬೆಳಿಗ್ಗೆ ಕರೆಂಟು ಬಂದು ಫಿಲ್ಟರ್ ಓಡತೊಡಗಿದ ಒಂದು ಗಂಟೆಯಲ್ಲಿ ಎಲ್ಲ ಸತ್ತವು. ಅದು ಯಾಕೆ? ಯುವಿ ಲ್ಯಾಂಪ್ ಬೇಕಾ?

ಉತ್ತರ: ಆ ಬೆಳಗಿನ ಸಾವಿನಿಂದಲೇ ಸುರು ಮಾಡುವ. ನಿಮ್ಮ ಮನೆಗೆ ಯಾವ ಫಿಲ್ಟರ್ ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಫಿಲ್ಟರ್ ಎಂದರೆ ಕಸ ಹಿಡಿಯುವ ಜರಡಿ ಎಂದು ಹೆಚ್ಚಿನವರು ತಿಳಿದಿದ್ದಾರೆ. ಕಸ ಹಿಡಿಯುವುದು ಅದರ ಸಣ್ಣ ಕೆಲಸ. ಮೀನು ಕಿವಿರಿನಿಂದ ಬಿಡುವ ಅಮೋನಿಯವನ್ನು ನೈಟ್ರೈಟಾಗಿ, ಅದನ್ನು ನೈಟ್ರೇಟಾಗಿ ಬದಲಾಯಿಸುವ ಬ್ಯಾಕ್ಟೀರಿಯಾಗಳಿಗೆ ಮನೆಯಾಗುವುದೇ ಅದರ ದೊಡ್ಡ ಕೆಲಸ. ಈ ಬ್ಯಾಕ್ಟೀರಿಯಾಗಳಿಗೂ ಮೀನಿನಂತೆ ಆಮ್ಲಜನಕ ಬೇಕೇ ಬೇಕು. ಮುಚ್ಚಿದ ಡಬ್ಬಿಯೊಳಗೆ ನೀರು ಹರಿಯುವುದು ನಿಂತರೆ ಅಲ್ಲಿರುವ ಆಮ್ಲಜನಕ ಕೆಲವೇ ಗಂಟೆಯಲ್ಲಿ ಮುಗಿಯುತ್ತದೆ. ಆಮೇಲೆ ಸ್ಪಂಜಿನಲ್ಲಿ ಸಿಕ್ಕಿಕೊಂಡ ಕಸ ಗಾಳಿಯಿಲ್ಲದೆ ಕೊಳೆಯುತ್ತದೆ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಸಹಿತ. ಕರೆಂಟು ಬಂದ ಕೂಡಲೇ ಪಂಪು ಆ ಕಪ್ಪು ನೀರನ್ನು ಒಂದೇ ಸಲಕ್ಕೆ ಟ್ಯಾಂಕಿಗೆ ತಳ್ಳುತ್ತದೆ. ರಾತ್ರಿಯಿಡೀ ಆಮ್ಲಜನಕ ಕಡಿಮೆಯಾಗಿ ಮೊದಲೇ ಬಳಲಿದ ಮೀನಿಗೆ ಅದನ್ನು ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಇನ್ನು ಮುಂದೆ ಯಾವುದೇ ಮುಚ್ಚಿದ ಫಿಲ್ಟರ್ ಮೂರು-ನಾಲ್ಕು ಗಂಟೆಗಿಂತ ಹೆಚ್ಚು ನಿಂತರೆ, ಕರೆಂಟು ಬರುವ ಮೊದಲೇ ಪ್ಲಗ್ ತೆಗೆಯಿರಿ. ಒಳಗಿನ ನೀರನ್ನು ಹೊರಗೆ ಚೆಲ್ಲಿ, ಸ್ಪಂಜನ್ನು ಟ್ಯಾಂಕಿನಿಂದ ಬಕೆಟಿಗೆ ತೆಗೆದ ನೀರಿನಲ್ಲಿ ಅದ್ದಿ ಹಿಂಡಿ, ಆಮೇಲೆ ಓಡಿಸಿ.

ಈಗ ಈ ಎಲ್‌ಪಿಎಚ್ ಲೆಕ್ಕ. ನಿಮ್ಮ ಟ್ಯಾಂಕು ಅಂಚಿನವರೆಗೆ ತುಂಬಿದರೆ 680 ಲೀಟರ್. ಮೇಲೆ ಐದು ಸೆಂ.ಮೀ. ಬಿಟ್ಟು, ಮರಳು-ಕಲ್ಲು ಕಳೆದರೆ 600 ಲೀಟರಿನ ಆಸುಪಾಸು. ಗಂಟೆಗೆ ಹತ್ತು ಪಟ್ಟು ನೀರು ತಿರುಗಬೇಕು ಎಂಬ ಮಾತಿನಿಂದ 6000 ಬಂದದ್ದು. ಪೆಟ್ಟಿಗೆಯ ಮೇಲೆ ಬರೆದ ಎಲ್‌ಪಿಎಚ್ ಎಂದರೆ ಎತ್ತರ ಏರಿಸದೆ, ಒಳಗೆ ಸ್ಪಂಜೂ ಇಲ್ಲದೆ ಪಂಪು ಎಷ್ಟು ತಳ್ಳುತ್ತದೆ ಎಂಬ ಲೆಕ್ಕ. ಸ್ಪಂಜು, ರಿಂಗು, ಪೈಪು, ಒಂದು ತಿಂಗಳ ಕಸ ಸೇರಿದ ಮೇಲೆ ಅದರ ಅರ್ಧ ಉಳಿದರೆ ಹೆಚ್ಚು. ಹೀಗಾಗಿ ಪೆಟ್ಟಿಗೆಯ ಅಂಕಿಯನ್ನು ಬಿಟ್ಟುಬಿಡಿ. ನಿಜವಾಗಿ ಟ್ಯಾಂಕಿಗೆ ಹಿಂದಿರುಗಿ ಬೀಳುವ ನೀರನ್ನು ಬಕೆಟಿನಲ್ಲಿ ಹಿಡಿದು ನೋಡಿ: ಹತ್ತು ಲೀಟರಿನ ಬಕೆಟು ಹದಿನೈದು ಸೆಕೆಂಡಿಗೆ ತುಂಬಿದರೆ ಗಂಟೆಗೆ 2400 ಲೀಟರ್, ಅಂದರೆ ನಾಲ್ಕು ಪಟ್ಟು. ನಿಮ್ಮ ಮೀನುಗಳಿಗೆ ಅಷ್ಟು ಸಾಕು.

ಎಷ್ಟು ನೀರು ತಿರುಗುತ್ತದೆ ಎಂಬುದಕ್ಕಿಂತ ಎಷ್ಟು ಹೊಲಸು ಹುಟ್ಟುತ್ತದೆ ಎಂದು ಲೆಕ್ಕ ಹಾಕುವುದು ಒಳ್ಳೆಯದು. ಬೆಳೆದ ಆಸ್ಕರ್ ಒಂದಡಿ ಉದ್ದದ ಮೀನು. ಎರಡು ಆಸ್ಕರ್, ಆರು ಸಿಲ್ವರ್ ಡಾಲರ್ ಪೂರ್ತಿ ಬೆಳೆದಾಗ ದಿನಕ್ಕೆ 20 ಗ್ರಾಂ ಪೆಲೆಟ್ ಎಂದಿಟ್ಟುಕೊಳ್ಳಿ. ಅದರಲ್ಲಿ ಶೇಕಡಾ 40 ಪ್ರೊಟೀನ್, ಪ್ರೊಟೀನಿನಲ್ಲಿ ಶೇಕಡಾ 16 ಸಾರಜನಕ. ಅದರ ಅರ್ಧಕ್ಕಿಂತ ಹೆಚ್ಚು ಭಾಗ, ಸುಮಾರು 0.8 ಗ್ರಾಂ, ಅಮೋನಿಯವಾಗಿ ನೀರಿಗೆ ಬರುತ್ತದೆ. ಬ್ಯಾಕ್ಟೀರಿಯಾ ಇಲ್ಲದಿದ್ದರೆ 600 ಲೀಟರಿನಲ್ಲಿ ಒಂದೇ ದಿನಕ್ಕೆ ಲೀಟರಿಗೆ 1.3 ಮಿಲಿಗ್ರಾಂ ಏರುತ್ತದೆ. ಬ್ಯಾಕ್ಟೀರಿಯಾ ಇದ್ದರೆ ಅದು ದಿನಕ್ಕೆ ಸುಮಾರು ಮೂರೂವರೆ ಗ್ರಾಂ ನೈಟ್ರೇಟ್ ಆಗುತ್ತದೆ. ಆ ನೈಟ್ರೇಟನ್ನು ಯಾವ ಅಂಗಡಿಯ ಫಿಲ್ಟರೂ ತೆಗೆಯುವುದಿಲ್ಲ, ನೀರು ಬದಲಾಯಿಸಿಯೇ ತೆಗೆಯಬೇಕು. ಈ ಅಂಕಿಗಳು ಮುಂದೆ ಬೇಕಾಗುತ್ತವೆ.

ನಿಮ್ಮ ಮುಂದಿರುವ ದಾರಿಗಳನ್ನು ಒಂದೊಂದಾಗಿ ನೋಡುವ.

ನಾಲ್ಕು ಇಂಟರ್ನಲ್ ಫಿಲ್ಟರ್ ಎಂಬುದನ್ನು ಮೊದಲು ಬಿಡಿ. ಒಳಗಿನ ಸ್ಪಂಜು ಮುಷ್ಟಿಗಾತ್ರ, ಆಸ್ಕರಿನ ಹೊಲಸಿಗೆ ಮೂರು ದಿನದಲ್ಲಿ ಕಟ್ಟುತ್ತದೆ. ಕಟ್ಟಿತೆಂದು ತೊಳೆದಾಗಲೆಲ್ಲ ಬ್ಯಾಕ್ಟೀರಿಯಾ ಹೋಗುತ್ತದೆ. ಆಸ್ಕರ್ ಅದನ್ನು ಗಾಜಿನಿಂದ ಕಿತ್ತು ಹಾಕುವುದು ಬೇರೆ. ಮರಳಿನ ಅಡಿಯ ತಟ್ಟೆ ಫಿಲ್ಟರಿನ ಕಥೆಯೂ ಇಷ್ಟೇ, ಆಸ್ಕರ್ ಮರಳು ತೋಡುವ ಮೀನು.

ಕ್ಯಾನಿಸ್ಟರ್ ಒಳ್ಳೆಯ ಸಾಮಾನು. ಸದ್ದಿಲ್ಲ, ಸ್ಟ್ಯಾಂಡಿನೊಳಗೆ ಅಡಗುತ್ತದೆ. ಕಾಸರಗೋಡು ಪೇಟೆಯ ಫ್ಲಾಟಿನಲ್ಲಿ, ಇನ್ವರ್ಟರ್ ಇರುವ ಮನೆಯವರು ಕೇಳಿದ್ದರೆ ಅದನ್ನೇ ಹೇಳುತ್ತಿದ್ದೆ. ನಿಮ್ಮಲ್ಲಿ ಬೇಡ. ಅದು ಮುಚ್ಚಿದ ಡಬ್ಬಿ, ನಿಮ್ಮ ಕರೆಂಟಿನ ಅವಸ್ಥೆಗೆ ಅದಕ್ಕಿಂತ ಕೆಟ್ಟ ಜೋಡಿ ಇಲ್ಲ. ಹತ್ತು ಸಾವಿರದೊಳಗೆ ಸಿಗುವ ಕ್ಯಾನಿಸ್ಟರಿನ ಒಳಜಾಗವೂ ಈ ಟ್ಯಾಂಕಿಗೆ ಕಡಿಮೆ.

ಸಂಪ್ ತಾಂತ್ರಿಕವಾಗಿ ಎಲ್ಲಕ್ಕಿಂತ ಮೇಲು. ಆದರೆ ತೂತಿಲ್ಲದ ಟ್ಯಾಂಕಿನಿಂದ ಸಂಪಿಗೆ ನೀರಿಳಿಸಲು ಅಂಚಿಗೆ ತೂಗುವ ಓವರ್‌ಫ್ಲೋ ಪೆಟ್ಟಿಗೆ ಬೇಕು, ಅದು ಸೈಫನ್ (ನೀರು ಪೈಪಿನೊಳಗೆ ತಾನಾಗಿ ಅಂಚು ದಾಟಿ ಇಳಿಯುವ ಸೆಳೆತ) ನಂಬಿಕೊಂಡು ಕೆಲಸ ಮಾಡುತ್ತದೆ. ಕರೆಂಟು ಹೋಗಿ ಬರುವಾಗ ಒಂದು ಸಲ ಸೈಫನ್ ಹಿಡಿಯದಿದ್ದರೆ ಕೆಳಗಿನ ಪಂಪು ಮಾತ್ರ ಓಡುತ್ತದೆ. ಸಂಪಿನ ನೀರೆಲ್ಲ ಮೇಲಕ್ಕೆ ಹೋಗಿ ಚಾವಡಿಗೆ ಬರುತ್ತದೆ. ದಿನಕ್ಕೆ ನಾಲ್ಕೈದು ಸಲ ಕರೆಂಟು ಹೋಗುವ ಮನೆಯಲ್ಲಿ ಅಂಥ ಒಂದು ದಿನ ಬಂದೇ ಬರುತ್ತದೆ. ಗಾಜು ಕೊರೆಸಿ ಮಾಡುವುದಾದರೆ ಈ ಭಯ ಇಲ್ಲ, ಆದರೆ ಟೆಂಪರ್ಡ್ ಗಾಜಿಗೆ ಡ್ರಿಲ್ ಮುಟ್ಟಿಸಿದರೆ ಪುಡಿಪುಡಿ. ಹಳೆಯ ಟ್ಯಾಂಕಿನ ತಳ ಟೆಂಪರ್ಡ್ ಆಗಿದೆಯೋ ಇಲ್ಲವೋ ನೋಡಿ ಹೇಳುವುದು ಸುಲಭವಲ್ಲ. ಕೊರೆಸುವ ಕೂಲಿ, ಎರಡನೇ ಟ್ಯಾಂಕು, ವಿಭಾಗಗಳ ಗಾಜು ಎಲ್ಲ ಸೇರಿದರೆ ನಿಮ್ಮ ಹಣ ಅಲ್ಲೇ ಮುಗಿಯುತ್ತದೆ.

ಸ್ಪಂಜ್ ಫಿಲ್ಟರ್ ಎಲ್ಲಕ್ಕಿಂತ ಅಗ್ಗ. ಬ್ಯಾಕ್ಟೀರಿಯಾ ಸಾಕುವುದರಲ್ಲಿ ಅದಕ್ಕೆ ಕೊರತೆ ಏನೂ ಇಲ್ಲ, ಗಾಳಿಯನ್ನೂ ಕೊಡುತ್ತದೆ. ಆಸ್ಕರಿನ ದಪ್ಪ ಹಿಕ್ಕೆಯನ್ನು ಎಳೆಯುವ ತ್ರಾಣ ಮಾತ್ರ ಇಲ್ಲ. ಮುಖ್ಯ ಫಿಲ್ಟರಾಗಿ ಬೇಡ, ಆಪತ್ತಿಗೆ ಎರಡು ದೊಡ್ಡವು ಇರಲಿ.

ನಿಮಗೆ ನಾನು ಹೇಳುವುದು ಟ್ಯಾಂಕಿನ ಮೇಲ್ಮಟ್ಟದಲ್ಲಿ ಕೂರುವ ಟ್ರಿಕಲ್ ಫಿಲ್ಟರ್. ಪಂಪು ನೀರನ್ನು ಮೇಲಕ್ಕೆ ಒಯ್ಯುತ್ತದೆ, ಅದು ಒಂದರ ಮೇಲೊಂದಿಟ್ಟ ಡಬ್ಬಿಗಳ ಮೂಲಕ ತೊಟ್ಟಿಕ್ಕಿಕೊಂಡು ತಾನಾಗಿ ಟ್ಯಾಂಕಿಗೆ ಇಳಿಯುತ್ತದೆ. ಗಾಜು ಕೊರೆಯಬೇಕಾಗಿಲ್ಲ, ಸೈಫನ್ ಇಲ್ಲ. ಕರೆಂಟು ಹೋದರೆ ಡಬ್ಬಿಯ ನೀರು ಟ್ಯಾಂಕಿಗೆ ಇಳಿದುಬಿಡುತ್ತದೆ, ಒಳಗಿನ ಮೀಡಿಯಾ, ಅಂದರೆ ಬ್ಯಾಕ್ಟೀರಿಯಾ ಕೂರುವ ಸ್ಪಂಜು-ಸ್ಕ್ರಬರು, ಗಾಳಿಯಲ್ಲಿ ಒದ್ದೆಯಾಗಿ ಉಳಿಯುತ್ತದೆ. ಮುಳುಗಿದ ಬ್ಯಾಕ್ಟೀರಿಯಾ ಉಸಿರುಕಟ್ಟುವ ಹೊತ್ತಿಗೆ ಒದ್ದೆಯಾಗಿ ಗಾಳಿಯಲ್ಲಿರುವ ಬ್ಯಾಕ್ಟೀರಿಯಾ ಆರಾಮವಾಗಿರುತ್ತದೆ, ಅದೂ ನಮ್ಮ ಮಳೆಗಾಲದ ತೇವದಲ್ಲಿ. ನೀರು ತೊಟ್ಟಿಕ್ಕುವಾಗ ಆಮ್ಲಜನಕವೂ ಧಾರಾಳ ಸೇರುತ್ತದೆ. 30 ಡಿಗ್ರಿ ಬಿಸಿಯ ನೀರು ಲೀಟರಿಗೆ ಏಳೂವರೆ ಮಿಲಿಗ್ರಾಮಿಗಿಂತ ಹೆಚ್ಚು ಆಮ್ಲಜನಕ ಹಿಡಿಯಲಾರದು. ಏಪ್ರಿಲ್-ಮೇಯಲ್ಲಿ ಇದು ದೊಡ್ಡ ಲಾಭ.

ಮಾಡುವ ಕ್ರಮ ಹೀಗೆ. ಸುಮಾರು 45 ಸೆಂ.ಮೀ. ಉದ್ದ, 30 ಅಗಲ, 20 ಎತ್ತರದ, ಬದಿಯಲ್ಲಿ ತೂತಿಲ್ಲದ ಮೂರು ಗಟ್ಟಿ ಪ್ಲಾಸ್ಟಿಕ್ ಡಬ್ಬಿ ತನ್ನಿ. ಮೇಲಿನ ಎರಡಕ್ಕೆ ತಳದಲ್ಲಿ 5 ಮಿ.ಮೀ.ನ ತೂತುಗಳು, ಮೂರು ಸೆಂ.ಮೀ.ಗೊಂದರಂತೆ, ಒಂದೊಂದರಲ್ಲಿ ನೂರಿಪ್ಪತ್ತಕ್ಕೆ ಕಡಿಮೆಯಾಗಬಾರದು. ಮೊಳೆ ಕಾಯಿಸಿ ಚುಚ್ಚಬೇಡಿ, ತೂತಿನ ಸುತ್ತ ಏಳುವ ಬಾಯಿ ನೀರನ್ನು ತಡೆಯುತ್ತದೆ. ಡ್ರಿಲ್ಲಿನಲ್ಲಿ ಕೊರೆಯಿರಿ. ಕೆಳಗಿನ ಡಬ್ಬಿಗೆ ತೂತು ಬೇಡ. ಬದಿಯಲ್ಲಿ, ತಳದಿಂದ ಮೂರು ಸೆಂ.ಮೀ. ಮೇಲೆ, 50 ಮಿ.ಮೀ. ಪೈಪಿನ ಟ್ಯಾಂಕ್ ಕನೆಕ್ಟರ್ ಕೂರಿಸಿ. ಅಲ್ಲಿಂದ ಪೈಪು ಟ್ಯಾಂಕಿಗೆ ಇಳಿಯಲಿ, ಬಾಯಿ ನೀರಿನಿಂದ ತುಸು ಮೇಲಿರಲಿ. ರಾತ್ರಿ ಸದ್ದು ಕಿರಿಕಿರಿಯಾದರೆ ಎರಡು ಸೆಂ.ಮೀ. ಮುಳುಗಿಸಿ.

ಮೇಲಿನ ಡಬ್ಬಿಗೆ ಫಿಲ್ಟರ್ ಹತ್ತಿ, ಅದರಡಿ ಎರಡಿಂಚಿನ ದೊರಗು ಸ್ಪಂಜು. ನಡುವಿನದಕ್ಕೆ ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ಸುರುಳಿ ಸ್ಕ್ರಬರ್, ಸುಮಾರು ನೂರು. ಸ್ಟೀಲಿನದು ಬೇಡ, ಸಾಬೂನು ಹಾಕಿದ್ದೂ ಬೇಡ. ದುಬಾರಿ ಸೆರಾಮಿಕ್ ರಿಂಗಿನ ಸೂಕ್ಷ್ಮ ರಂಧ್ರಗಳ ಜಾಹೀರಾತು ಕಂಡು ಮರುಳಾಗಬೇಡಿ. ಆಸ್ಕರ್ ಟ್ಯಾಂಕಿನಲ್ಲಿ ಆ ರಂಧ್ರಗಳ ಬಾಯಿ ಬೇಗ ಮುಚ್ಚಿಹೋಗುತ್ತದೆ, ಕೆಲಸ ಮಾಡುವುದು ಹೊರಮೈ. ಕೆಳಗಿನ ಡಬ್ಬಿಗೆ ಒಡೆದ ಮಂಗಳೂರು ಹಂಚಿನ ಚೂರು ಆಗಬಹುದು. ಸುಟ್ಟ ಮಣ್ಣು, ನೀರಿಗೆ ಏನೂ ಬಿಡುವುದಿಲ್ಲ. ಹಾವಸೆ ಹೋಗುವಂತೆ ಉಜ್ಜಿ ತೊಳೆದು ಎರಡು-ಮೂರು ಸೆಂ.ಮೀ. ಗಾತ್ರಕ್ಕೆ ಒಡೆಯಿರಿ. ಬಣ್ಣ ಹೊಡೆದ ಹಂಚು ಬೇಡ. ಹಿತ್ತಲಲ್ಲಿ ಇದೆಯೆಂದು ಮುರಕಲ್ಲಿನ ಚೂರು ಹಾಕಬೇಡಿ, ಸವೆದು ಕೆಂಪು ಕೆಸರಾಗುತ್ತದೆ. ತೆಂಗಿನ ನಾರು ಕೊಳೆಯುತ್ತದೆ. ಗೆರಟೆಯ ಇದ್ದಿಲು ಅಂಗಡಿಯ ಆಕ್ಟಿವೇಟೆಡ್ ಕಾರ್ಬನ್ ಅಲ್ಲ, ಅದರಿಂದ ಪ್ರಯೋಜನ ಕಡಿಮೆ. ನಿಮಗೆ ಕಾರ್ಬನ್ನೇ ಬೇಡ, ಮದ್ದು ಹಾಕಿದ ಮೇಲೆ ಅದನ್ನು ತೆಗೆಯಲು ಮಾತ್ರ ಅದು ಬೇಕಾಗುವುದು.

ಪಂಪು 4000 ಎಲ್‌ಪಿಎಚ್, 3 ಮೀಟರ್ ಹೆಡ್ (ನೀರನ್ನು ಏರಿಸಬಲ್ಲ ಗರಿಷ್ಠ ಎತ್ತರ) ಇರಲಿ. ನೀರಿನ ಮಟ್ಟದಿಂದ ಮೇಲಿನ ಡಬ್ಬಿಗೆ ಸುಮಾರು ಮುಕ್ಕಾಲು ಮೀಟರ್ ಏರಬೇಕಾದ್ದರಿಂದ ನಿಮಗೆ ಸಿಗುವುದು ಎರಡೂವರೆ ಸಾವಿರ. ಅಂಥ ಪಂಪು 60 ವಾಟ್ ಎಂದರೆ ತಿಂಗಳಿಗೆ 43 ಯೂನಿಟ್, ಎರಡು ತಿಂಗಳ ಬಿಲ್ಲಿಗೆ 86. ಸ್ಲಾಬಿನ ಅಂಚಿನಲ್ಲಿರುವ ಮನೆಯಾದರೆ ಇದನ್ನು ಮೊದಲೇ ಲೆಕ್ಕ ಹಾಕಿ. ಅಗ್ಗದ ಪಂಪು ಅದೇ ಕೆಲಸಕ್ಕೆ 100 ವಾಟ್ ಎಳೆಯುವುದುಂಟು, ಖರೀದಿಯಲ್ಲಿ ಉಳಿಸಿದ್ದು ಬಿಲ್ಲಿನಲ್ಲಿ ಹೋಗುತ್ತದೆ.

ಇದರಲ್ಲಿ ತಪ್ಪಾಗುವ ಜಾಗ ಎರಡು. ಒಂದು, ಭಾರ. ಒದ್ದೆ ಮೀಡಿಯಾ ಸೇರಿ ಮೂರು ಡಬ್ಬಿ ನಲವತ್ತು ಕಿಲೋ ದಾಟಬಹುದು. ಇದನ್ನು ಟ್ಯಾಂಕಿನ ಅಂಚಿನ ಮೇಲಾಗಲಿ ನಡುವಿನ ಅಡ್ಡಗಾಜಿನ ಮೇಲಾಗಲಿ ಇಡಲೇಬಾರದು. ಹಿಂದೆ ಅಥವಾ ಬದಿಯಲ್ಲಿ ಪ್ರತ್ಯೇಕ ಆಂಗಲ್ ಸ್ಟ್ಯಾಂಡ್ ಇರಲಿ. ಟ್ಯಾಂಕಿನ ಸ್ಟ್ಯಾಂಡನ್ನು ಎರಡಡಿಗಿಂತ ಎತ್ತರ ಮಾಡಬೇಡಿ. ಹತ್ತಿ ತೊಳೆಯಲು ಏಣಿ ಹತ್ತಬೇಕಾದರೆ ಎರಡನೇ ತಿಂಗಳಿಗೆ ಯಾರೂ ತೊಳೆಯುವುದಿಲ್ಲ. ನೀರು, ಗಾಜು, ಮರಳು, ಸ್ಟ್ಯಾಂಡು ಸೇರಿ ಟ್ಯಾಂಕಿನ ತೂಕ 900 ಕಿಲೋದ ಹತ್ತಿರ. ಮಾಳಿಗೆಯ ಮರದ ಹಲಗೆಯ ಮೇಲೆ ಬೇಡ, ಕೆಳಗಿನ ನೆಲದಲ್ಲಿ ಮಟ್ಟ ನೋಡಿ ಇಡಿ.

ಎರಡು, ಹತ್ತಿ ಕಟ್ಟುವುದು. ಹತ್ತಿ ಕಟ್ಟಿ ನೀರು ಇಳಿಯದಿದ್ದರೆ ಮೇಲಿನ ಡಬ್ಬಿ ತುಂಬಿ ನೆಲಕ್ಕೆ ಚೆಲ್ಲುತ್ತದೆ, ಪಂಪು ತಳ್ಳುತ್ತಲೇ ಇರುತ್ತದೆ. ಅದಕ್ಕೆ ಮೇಲಿನ ಎರಡೂ ಡಬ್ಬಿಗಳಲ್ಲಿ 40 ಮಿ.ಮೀ. ಪೈಪಿನ ತುಂಡೊಂದನ್ನು ತಳದಿಂದ ನೆಟ್ಟಗೆ ನಿಲ್ಲಿಸಿ, ಬಾಯಿ ಅಂಚಿನಿಂದ ನಾಲ್ಕು ಸೆಂ.ಮೀ. ಕೆಳಗಿರಲಿ. ಕಟ್ಟಿದಾಗ ನೀರು ಅದರ ಮೂಲಕ ಕೆಳಗಿನ ಡಬ್ಬಿಗೆ ಇಳಿಯುತ್ತದೆ, ಚೆಲ್ಲುವುದಿಲ್ಲ. ಈ ಒಂದು ತುಂಡು ಪೈಪನ್ನು ಬಿಟ್ಟವರ ಮನೆಯಲ್ಲೇ ಟ್ರಿಕಲ್ ಫಿಲ್ಟರಿಗೆ ಕೆಟ್ಟ ಹೆಸರು ಬಂದಿರುವುದು. ಅದರ ಜೊತೆಗೆ ಪಂಪನ್ನು ತಳದಲ್ಲಿ ಇಡದೆ ನೀರಿನ ಮಟ್ಟದಿಂದ 20 ಸೆಂ.ಮೀ. ಕೆಳಗೆ ಗಾಜಿಗೆ ಕೂರಿಸಿ. ಈ ಟ್ಯಾಂಕಿನಲ್ಲಿ ಒಂದು ಸೆಂ.ಮೀ. ಎಂದರೆ 11 ಲೀಟರ್. ಎಲ್ಲೋ ಪೈಪು ಕಳಚಿದರೂ ಪಂಪಿಗೆ ನೀರು ಸಿಗುವುದು ನಿಲ್ಲುವಾಗ ಮೀನಿಗೆ ಅರ್ಧಕ್ಕಿಂತ ಹೆಚ್ಚು ನೀರು ಉಳಿದಿರುತ್ತದೆ. ಕರೆಂಟು ಹೋದಾಗ ಡಬ್ಬಿಯಿಂದ ಇಳಿಯುವ ನೀರಿಗೆ ಮೇಲೆ ಬಿಟ್ಟ ಐದು ಸೆಂ.ಮೀ. ಬೇಕಾದಷ್ಟಾಯಿತು.

ವಯರಿಂಗಿನ ಬಗ್ಗೆ ಎರಡು ಮಾತು. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಕೂಡಲೇ ಕಡಿಯುವ ಸ್ವಿಚ್ಚು) ಇಲ್ಲದ ಮನೆಯಾದರೆ ಪಂಪಿಗಿಂತ ಮೊದಲು ಅದನ್ನು ಹಾಕಿಸಿ. ಪಂಪಿನ ವಯರು ಸಾಕೆಟಿಗಿಂತ ಕೆಳಗೆ ಇಳಿದು ಮತ್ತೆ ಮೇಲೇರುವಂತಿರಲಿ, ವಯರು ಹಿಡಿದುಕೊಂಡು ಬರುವ ನೀರು ಅಲ್ಲೇ ತೊಟ್ಟಿಕ್ಕಿಬಿಡುತ್ತದೆ.

ಈಗ ನೀರು. ಅಂಗಡಿಯವರು ಯಾರೂ ಕೇಳದ ವಿಷಯ ಇದು, ನಿಮ್ಮಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಮುರಕಲ್ಲಿನ ಗುಡ್ಡದಿಂದ ಜಿನುಗುವ ಸುರಂಗದ ನೀರು ತೀರ ಮೆದು, ತುಸು ಹುಳಿ. ಅದರಲ್ಲಿ ಹುಳಿಯನ್ನು ತಡೆಯುವ ಕಾರ್ಬನೇಟ್ ಗಡಸು, ಅಂದರೆ ಕೆಎಚ್, ಇರುವುದು ಬಹಳ ಕಡಿಮೆ. ಒಂದು ಡಿಗ್ರಿಯೂ ಇರಲಿಕ್ಕಿಲ್ಲ. ಆಸ್ಕರಿಗೆ ಮೆದು ನೀರು ಇಷ್ಟವೇ. ತೊಂದರೆ ಬ್ಯಾಕ್ಟೀರಿಯಾಗಳಿಗೆ. ಒಂದು ಗ್ರಾಂ ಅಮೋನಿಯ-ಸಾರಜನಕವನ್ನು ನೈಟ್ರೇಟ್ ಮಾಡುವಾಗ ಅವು ಕ್ಯಾಲ್ಸಿಯಂ ಕಾರ್ಬನೇಟಿನ ಲೆಕ್ಕದಲ್ಲಿ 7.1 ಗ್ರಾಂ ಕ್ಷಾರತೆಯನ್ನು ತಿಂದುಹಾಕುತ್ತವೆ. ನಿಮ್ಮ 0.8 ಗ್ರಾಮಿಗೆ ದಿನಕ್ಕೆ 5.7 ಗ್ರಾಂ. 600 ಲೀಟರಿನಲ್ಲಿ ಇದು ದಿನಕ್ಕೆ ಅರ್ಧ ಡಿಗ್ರಿ ಕೆಎಚ್. ಒಂದು ಡಿಗ್ರಿ ಇರುವ ನೀರು ಎರಡು ದಿನದಲ್ಲಿ ಬರಿದು. ಆಮೇಲೆ ಪಿಎಚ್ ಜಾರುತ್ತದೆ, ಅಂದರೆ ನೀರು ಹುಳಿಯಾಗುತ್ತದೆ, ಪಿಎಚ್ ಆರರ ಕೆಳಗೆ ಬ್ಯಾಕ್ಟೀರಿಯಾ ಕೆಲಸ ನಿಧಾನಿಸುತ್ತದೆ. ಎಂಥ ಫಿಲ್ಟರ್ ಇದ್ದರೂ ಆಗ ಅದು ಬರೀ ಜರಡಿ.

ಇಲ್ಲಿ ಒಂದು ಮೋಸವೂ ಇದೆ. ಹುಳಿ ನೀರಿನಲ್ಲಿ ಅಮೋನಿಯ ಹೆಚ್ಚಿನಂಶ ಅಮೋನಿಯಂ ರೂಪದಲ್ಲಿರುತ್ತದೆ, ಅದು ಅಷ್ಟಾಗಿ ವಿಷವಲ್ಲ. ಮೀನು ತಿಂಗಳುಗಟ್ಟಲೆ ಚೆನ್ನಾಗಿಯೇ ಕಾಣುತ್ತದೆ, ನೀರೂ ಗಾಜಿನಂತೆ ತಿಳಿ. ಒಂದು ದಿನ ಯಾರದೋ ಮಾತು ಕೇಳಿ ಅರ್ಧ ನೀರು ಬದಲಾಯಿಸುತ್ತೀರಿ, ಅಥವಾ ಸೋಡಾ ಹಾಕುತ್ತೀರಿ. ಪಿಎಚ್ ಏಳೂವರೆಗೆ ಏರುತ್ತದೆ, ಕೂಡಿಕೊಂಡಿದ್ದ ಅಮೋನಿಯಂನ ಒಂದು ಪಾಲು ವಿಷದ ಅಮೋನಿಯವಾಗುತ್ತದೆ. ಆಗ ಹೊಸ ನೀರಿನ ಮೇಲೆ ತಪ್ಪು ಹೊರಿಸುತ್ತಾರೆ. ಹಳೆಯ ಟ್ಯಾಂಕಿನ ಪಿಎಚ್ ಆರರ ಕೆಳಗಿದ್ದರೆ ಒಂದೇ ಸಲ ಏನೂ ಮಾಡಬಾರದು, ದಿನಕ್ಕೆ ಶೇಕಡಾ ಹತ್ತರಂತೆ ಬದಲಾಯಿಸಿ.

ಇದಕ್ಕೆ ಪರಿಹಾರ ನಿಮ್ಮೂರಲ್ಲಿ ಸುಲಭ. ಮರುವಾಯಿ (ಚಿಪ್ಪುಮೀನು) ಚಿಪ್ಪು, ಅಡುಗೆ ಆದ ಮೇಲೆ ಉಳಿದದ್ದೇ ಸಾಕು. ನೀವು ಮೀನು-ಮರುವಾಯಿ ತಿನ್ನದ ಮನೆಯವರಾದರೆ ಕುಂಬಳೆ ಕಡೆಯಿಂದ ತರಿಸಿ. ಮಾಂಸ ಒಂದಿಷ್ಟೂ ಉಳಿಯದಂತೆ ಕುದಿಸಿ, ಉಜ್ಜಿ, ಬಿಸಿಲಿಗೆ ಒಣಗಿಸಿ, ಒರಟಾಗಿ ಕುಟ್ಟಿ ಬಲೆಚೀಲದಲ್ಲಿ ಎರಡು ಕಿಲೋ ಕೆಳಗಿನ ಡಬ್ಬಿಯಲ್ಲಿಡಿ. ಅಲ್ಲಿ ಮೂರು ಸೆಂ.ಮೀ. ನೀರು ಯಾವಾಗಲೂ ನಿಂತಿರುವಂತೆ ಮಾಡಿದ್ದು ಇದಕ್ಕೇ. ಚಿಪ್ಪು ಕ್ಯಾಲ್ಸಿಯಂ ಕಾರ್ಬನೇಟ್. ನೀರು ಹುಳಿಯಾದಷ್ಟೂ ಹೆಚ್ಚು ಕರಗುತ್ತದೆ, ಪಿಎಚ್ ಏರಿದಂತೆ ಕರಗುವುದು ತಾನಾಗಿ ನಿಧಾನಿಸುತ್ತದೆ. ಅತಿಯಾಗುವ ಭಯವಿಲ್ಲ. ಮೀನು ಬೆಳೆದಾಗ ತಿಂಗಳಿಗೆ 250–300 ಗ್ರಾಂ ಕರಗಬಹುದು, ಮತ್ತೆ ತುಂಬಿಸಿ. ಕೆಎಚ್ ಮೂರರಿಂದ ಐದರೊಳಗೆ ಇದ್ದರಾಯಿತು, ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ಟೆಸ್ಟ್ ಮಾಡಿ. ಚಿಪ್ಪು ಸಾಲದೆ ಬಂದರೆ ಅಡುಗೆ ಸೋಡಾ: 600 ಲೀಟರಿಗೆ 18 ಗ್ರಾಂ ಹಾಕಿದರೆ ಒಂದು ಡಿಗ್ರಿ ಏರುತ್ತದೆ. ದಿನಕ್ಕೆ ಅದಕ್ಕಿಂತ ಹೆಚ್ಚು ಬೇಡ.

ಇನ್ನು ನೈಟ್ರೇಟ್. ನೀರು ತಾನಾಗಿ ಇಳಿದು ಬರುವ ಮನೆ ನಿಮ್ಮದು, ಪೇಟೆಯಲ್ಲಿ ದೊಡ್ಡ ಮೀನು ಸಾಕುವವರಿಗೆ ಹಣ ಕೊಟ್ಟರೂ ಸಿಗದ ಸೌಕರ್ಯ. ಅದನ್ನು ಬಳಸಿಕೊಳ್ಳಿ. ಕೆಳಗಿನ ಡಬ್ಬಿಯ ಬದಿಯಲ್ಲಿ, ನೀರು ನಿಲ್ಲುವ ಮಟ್ಟದಿಂದ ಒಂದು ಸೆಂ.ಮೀ. ಕೆಳಗೆ, ತೋಟದ ಡ್ರಿಪ್ಪಿನ ಸಪೂರ ಮೈಕ್ರೋ ಟ್ಯೂಬೊಂದನ್ನು ಅದರ ಪುಟ್ಟ ಟ್ಯಾಪಿನೊಂದಿಗೆ ಕೂರಿಸಿ ಹೊರಗಿನ ಅಡಿಕೆ ಬುಡಕ್ಕೆ ಬಿಡಿ. ಒಂದು ಲೀಟರಿನ ಬಾಟ್ಲಿ ಹದಿನೈದು ನಿಮಿಷಕ್ಕೆ ತುಂಬುವಂತೆ ಟ್ಯಾಪು ತಿರುಗಿಸಿ: ಗಂಟೆಗೆ ನಾಲ್ಕು ಲೀಟರ್, ದಿನಕ್ಕೆ ನೂರರ ಹತ್ತಿರ. ಟ್ಯಾಂಕಿಗೆ ಒಂದು ಸಣ್ಣ ಫ್ಲೋಟ್ ವಾಲ್ವ್ ಹಾಕಿ ಸುರಂಗದ ಪೈಪು ಜೋಡಿಸಿ, ಕಡಿಮೆಯಾದಷ್ಟು ಅದು ತುಂಬಿಸಿಕೊಳ್ಳುತ್ತದೆ. ವಾಲ್ವಿಗಿಂತ ಮೊದಲು ಗಂಟೆಗೆ 8 ಲೀಟರಿನ ಒಂದು ಡ್ರಿಪ್ಪರ್ ಮತ್ತು ಡ್ರಿಪ್ಪಿನ ಜಾಲರಿ ಫಿಲ್ಟರ್ ಇರಲಿ. ವಾಲ್ವ್ ಸಿಕ್ಕಿಹಾಕಿಕೊಂಡರೂ ಡ್ರಿಪ್ಪರಿನಿಂದಾಗಿ ನೀರು ಗಂಟೆಗೆ ಕೆಲವೇ ಲೀಟರ್ ಏರುತ್ತದೆ, ನಿಮಗೆ ಗೊತ್ತಾಗಲು ಸಮಯ ಸಿಗುತ್ತದೆ. ಡ್ರಿಪ್ಪರಿನ ಮೇಲಿನ ಅಂಕಿ ಹತ್ತು ಮೀಟರ್ ಎತ್ತರದ ಒತ್ತಡಕ್ಕೆ. ಎರಡೂವರೆ ಮೀಟರ್ ಇಳಿಜಾರಿನಲ್ಲಿ ಅರ್ಧವೇ ಬರುತ್ತದೆ, ಹಾಗಾಗಿ ಅದನ್ನೂ ಬಾಟ್ಲಿ ಹಿಡಿದು ನೋಡಿ. ಹೊರಹೋಗುವುದಕ್ಕಿಂತ ಕಡಿಮೆ ಬರುವಂತಿದ್ದರೆ ಎರಡು ಡ್ರಿಪ್ಪರ್ ಹಾಕಿ.

ಇದರ ಫಲ ಲೆಕ್ಕದಲ್ಲಿ ಕಾಣುತ್ತದೆ. ದಿನಕ್ಕೆ ಹುಟ್ಟುವ ಮೂರೂವರೆ ಗ್ರಾಂ ನೈಟ್ರೇಟ್ ನೂರು ಲೀಟರಿನೊಂದಿಗೆ ಹೊರಹೋಗುವಾಗ ಟ್ಯಾಂಕಿನಲ್ಲಿ ಅದು ಲೀಟರಿಗೆ 35 ಮಿಲಿಗ್ರಾಮಿನ ಹತ್ತಿರ ನಿಲ್ಲುತ್ತದೆ. ವಾರಕ್ಕೊಮ್ಮೆ ಬೆನ್ನು ನೋಯಿಸಿಕೊಂಡು ಅರ್ಧ ಟ್ಯಾಂಕು ಬದಲಾಯಿಸಿದರೂ ಅದು 40ಕ್ಕೂ 80ಕ್ಕೂ ನಡುವೆ ಏರಿಳಿಯುತ್ತಿರುತ್ತದೆ. ಅಡಿಕೆಗೆ ಗೊಬ್ಬರದ ನೀರೂ ಆಯಿತು. ಮಾರ್ಚ್ ಕಳೆದು ಸುರಂಗ ಸಣ್ಣದಾದಾಗ ಡ್ರಿಪ್ಪು ಅರ್ಧ ಮಾಡಿ, ಆಹಾರವನ್ನೂ ಅರ್ಧ ಮಾಡಿ. ಬೆಳೆದ ಆಸ್ಕರ್ ವಾರಕ್ಕೆರಡು ದಿನ ಉಪವಾಸವಿದ್ದರೆ ಸೊರಗುವುದಿಲ್ಲ.

ತೋಟದ ಮನೆಯವರು ಒಂದು ವಿಷಯದಲ್ಲಿ ಜಾಗ್ರತೆ ಮಾಡಬೇಕು: ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಹೊಡೆಯುವ ದಿನಗಳಲ್ಲಿ ತಾಮ್ರ ನೀರಿಗೆ ಸೇರಿದರೆ ಮೀನಿಗೆ ಅಪಾಯ. ಮೆದು ನೀರಿನಲ್ಲಿ ತಾಮ್ರದ ವಿಷ ಇನ್ನೂ ತೀಕ್ಷ್ಣ. ಸುರಂಗದೊಳಗಿನ ನೀರಿಗೆ ತೊಂದರೆ ಇರಲಿಕ್ಕಿಲ್ಲ, ಅದು ಬಂದು ನಿಲ್ಲುವ ತೆರೆದ ಮಣ್ಣಿನ ಟ್ಯಾಂಕಿ ತೋಟದ ನಡುವೆ ಇದ್ದರೆ ಇದೆ. ಸಿಂಪಡಣೆಯ ದಿನ ಒಳಬರುವ ಪೈಪನ್ನೂ ಹೊರಗಿನ ಟ್ಯಾಪನ್ನೂ ಮುಚ್ಚಿ, ಆಮೇಲೆ ಎರಡು-ಮೂರು ಒಳ್ಳೆಯ ಮಳೆ ಬಂದು ಟ್ಯಾಂಕಿ ತುಂಬಿ ಹರಿಯುವವರೆಗೆ ತೆರೆಯಬೇಡಿ. ಬೋರ್ಡೋ ಕಲಸಿದ ಬಕೆಟು, ಡ್ರಮ್ಮು, ಪೈಪು ಎಷ್ಟು ತೊಳೆದರೂ ಅಕ್ವೇರಿಯಂ ಹತ್ತಿರ ಬರಬಾರದು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ನೀರನ್ನೂ ಸೋಡಿಯಂ ಥಯೋಸಲ್ಫೇಟ್ ಹಾಕದೆ ಬಳಸಬೇಡಿ. ಮಳೆಗಾಲದಲ್ಲಿ ಕೆಂಪು ನೀರು ಬಂದರೆ ಪಟಿಕ ಹಾಕಿ ತಿಳಿ ಮಾಡುವ ಅಭ್ಯಾಸ ಕೆಲವರಿಗಿದೆ. ಪಟಿಕ ಇರುವ ಅಷ್ಟಿಷ್ಟು ಕೆಎಚ್ ತಿಂದು ಪಿಎಚ್ ಇಳಿಸುತ್ತದೆ, ಹುಳಿ ನೀರಿನಲ್ಲಿ ಅಲ್ಯುಮಿನಿಯಂ ಕಿವಿರಿಗೆ ಕೆಟ್ಟದ್ದು. ಕೆಂಪು ನೀರು ಬರುವ ದಿನ ಪೈಪು ಮುಚ್ಚಿದರೆ ಸಾಕು.

ಕರೆಂಟಿಲ್ಲದಾಗ ಮೀಡಿಯಾ ಬದುಕುತ್ತದೆ ಎಂದೆ, ಮೀನಿಗೆ ಗಾಳಿ ಬೇಡವೇ? ಎರಡು ಸ್ಪಂಜ್ ಫಿಲ್ಟರಿಗೆ ಕರೆಂಟು ಹೋದ ಕೂಡಲೇ ತಾನಾಗಿ ಓಡುವ ಲಿಥಿಯಂ ಬ್ಯಾಟರಿಯ ಏರ್ ಪಂಪು ಜೋಡಿಸಿ, ಟ್ಯೂಬಿನಲ್ಲಿ ಚೆಕ್ ವಾಲ್ವ್ ಮರೆಯಬೇಡಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ 150 ಎಎಚ್ ಬ್ಯಾಟರಿಯ ಅರ್ಧ ಚಾರ್ಜಿನಲ್ಲಿ 60 ವಾಟಿನ ಪಂಪೊಂದೇ ಆದರೆ ಹನ್ನೆರಡು ಗಂಟೆ ಓಡುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಪಂಪು ಗುಂಯ್‌ಗುಡುತ್ತದೆ, ಬಿಸಿಯಾಗುತ್ತದೆ, ಆಗ ಏರ್ ಪಂಪು ಮಾತ್ರ ಓಡಿಸಿ. ಕರೆಂಟು ಬರುವವರೆಗೆ ಆಹಾರ ಹಾಕಬೇಡಿ.

ಖರ್ಚು ಅಂಗಡಿಯಿಂದ ಅಂಗಡಿಗೆ ಬೇರೆ. ಸುಮಾರಾಗಿ ಪಂಪಿಗೆ ಎರಡರಿಂದ ಎರಡೂವರೆ ಸಾವಿರ. ಡಬ್ಬಿ, ಸ್ಪಂಜು, ಸ್ಕ್ರಬರಿಗೆ ಎರಡೂವರೆ. ಪೈಪು ಮತ್ತು ಸ್ಟ್ಯಾಂಡಿಗೆ ಎರಡು. ಬ್ಯಾಟರಿ ಪಂಪು ಮತ್ತು ಸ್ಪಂಜ್ ಫಿಲ್ಟರಿಗೆ ಒಂದೂವರೆ. ಉಳಿದದ್ದರಲ್ಲಿ ಅಮೋನಿಯ, ನೈಟ್ರೈಟ್, ಪಿಎಚ್, ಕೆಎಚ್ ಟೆಸ್ಟ್ ಕಿಟ್ ಕೊಳ್ಳಿ. ಹಣ ಸಾಲದಿದ್ದರೆ ಹಂಚು ಹೆಚ್ಚು ಹಾಕಿ ಸ್ಕ್ರಬರ್ ಕಡಿಮೆ ಮಾಡಿ, ಟೆಸ್ಟ್ ಕಿಟ್ ಬಿಡಬೇಡಿ.

ಸುರುವಿಗೆ ಮೀನು ಬಿಡುವ ಆತುರ ಬೇಡ. ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಎಂಟು ವಾರ ಬೇಕು. ಆರೋಗ್ಯವಾಗಿರುವ ಹಳೆಯ ಟ್ಯಾಂಕಿನಿಂದ ಕೊಳಕು ಸ್ಪಂಜಿನ ತುಂಡು ಸಿಕ್ಕಿದರೆ ನಡುವಿನ ಡಬ್ಬಿಯಲ್ಲಿಡಿ, ಸಮಯ ಉಳಿಯುತ್ತದೆ. ಮೊದಲು ಸಿಲ್ವರ್ ಡಾಲರ್, ಅಮೋನಿಯ-ನೈಟ್ರೈಟ್ ಎರಡೂ ಎರಡು ವಾರ ಸೊನ್ನೆ ನಿಂತ ಮೇಲೆ ಆಸ್ಕರ್ ಮರಿ. ತೊಳೆಯುವುದರಲ್ಲಿ ನಿಮಗೊಂದು ರಿಯಾಯಿತಿ ಇದೆ: ಕ್ಲೋರಿನ್ ಇಲ್ಲದ ಸುರಂಗದ ನೀರಿನಲ್ಲೇ ಸ್ಪಂಜು ಹಿಂಡಬಹುದು. ಹತ್ತಿಯನ್ನು ವಾರಕ್ಕೊಮ್ಮೆ ತೊಳೆಯಿರಿ, ಸ್ಪಂಜನ್ನು ತಿಂಗಳಿಗೊಮ್ಮೆ. ಸ್ಕ್ರಬರನ್ನು ಆರು ತಿಂಗಳಿಗೊಮ್ಮೆ, ಅದೂ ಅರ್ಧ ಮಾತ್ರ.

ಯುವಿ ಬೇಡ. ಅದು ನೀರು ಹಸಿರಾಗುವುದನ್ನು ತಡೆಯುತ್ತದೆ, ತೇಲುವ ರೋಗಾಣುಗಳನ್ನು ಕಡಿಮೆ ಮಾಡುತ್ತದೆ, ಅಮೋನಿಯಕ್ಕೂ ಅದಕ್ಕೂ ಸಂಬಂಧವಿಲ್ಲ. ಟ್ಯಾಂಕಿಗೆ ಕಿಟಕಿಯ ಬಿಸಿಲು ನೇರ ಬೀಳದಂತೆ ನೋಡಿಕೊಂಡರೆ ಆ ದುಡ್ಡು ಉಳಿಯುತ್ತದೆ. ಸಕ್ಕರ್ ಮೀನೂ ಬೇಡ. ಅದು ಪಾಚಿ ಕೆರೆಯುತ್ತದೆ ನಿಜ, ಆಸ್ಕರಿನ ಹಿಕ್ಕೆ ತಿನ್ನುವುದಿಲ್ಲ. ಒಂದಡಿ ಮೀರಿ ಬೆಳೆದು ತಾನೇ ದಾರದಂಥ ಹಿಕ್ಕೆ ಹಾಕಿಕೊಂಡು ತಿರುಗುತ್ತದೆ. ದೊಡ್ಡದಾಯಿತೆಂದು ಯಾರಾದರೂ ತೋಡಿಗೆ ಬಿಟ್ಟರೆ ಊರ ಮೀನುಗಳಿಗೆ ಕುತ್ತು. ಕೇರಳದ ಹಲವು ನೀರುಗಳಲ್ಲಿ ಅದು ಆಗಲೇ ನೆಲೆಸಿದೆ. ನಿಮ್ಮ ಹೊರಗಿನ ಮೈಕ್ರೋ ಟ್ಯೂಬನ್ನು ಕೂಡ ಅಡಿಕೆ ಬುಡಕ್ಕೇ ಬಿಡಿ, ತೋಡಿಗೆ ಬೇಡ.

ಇಷ್ಟರ ಮೇಲೂ ಯಾರಾದರೂ ಹಳೆಯ ಕ್ಯಾನಿಸ್ಟರನ್ನು ಅಗ್ಗಕ್ಕೆ ಕೊಡುತ್ತೇನೆಂದರೆ ಜೊತೆಗಿರಲಿ ಎಂದು ತೆಗೆದುಕೊಳ್ಳಬಹುದು. ಮೊದಲು ತಲೆಯ ಓ-ರಿಂಗ್ ಬೆರಳಲ್ಲಿ ಬಾಗಿಸಿ ನೋಡಿ, ಬಿರುಕು ಕಂಡರೆ ಅದೇ ಮಾದರಿಯ ರಿಂಗು ಸಿಗುತ್ತದೆಯೇ ಎಂದು ವಿಚಾರಿಸಿಕೊಂಡು ಆಮೇಲೆ ಹಣ ಕೊಡಿ. ತಂದ ಮೇಲೆ ಒಂದು ದೊಡ್ಡ ಪಾತ್ರೆಯೊಳಗೆ ನಿಲ್ಲಿಸಿ, ಎರಡೂ ಪೈಪನ್ನು ಬಕೆಟಿನ ನೀರಿಗಿಳಿಸಿ ಇಪ್ಪತ್ತನಾಲ್ಕು ಗಂಟೆ ಓಡಿಸಿ. ಕೆಳಗಿನ ಪಾತ್ರೆ ಒಣಗಿಯೇ ಇದ್ದರೆ ಮಾತ್ರ ಟ್ಯಾಂಕಿಗೆ ಜೋಡಿಸಿ.